ಅಪ್ಪನನ್ನು ಬೀಳಿಸುವ ಷರತ್ತು

ಜಡೆ ಹೆಣೆದುಕೊಳ್ಳಲು ಬರುವ ಮೊದಲೇ ನನಗೆ ಗುದ್ದಲು ಬರುತ್ತಿತ್ತು. ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ, ನಗಲಿ. ಸುಂಟಿಕೊಪ್ಪದಿಂದ ಮೂರು ಮೈಲಿ ಒಳಗಿನ ಒಂದು ಕಾಫಿ ತೋಟದಲ್ಲಿ ಅಪ್ಪ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಬೆಳಿಗ್ಗೆ ಕೆಲಸ ಹಂಚುವುದು, ತೋಟದ ದೊರೆ ಬಂದಾಗ ಟೊಪ್ಪಿ ತೆಗೆದು ನಿಲ್ಲುವುದು ಅವರ ಉದ್ಯೋಗ. ಅದಕ್ಕೆ ಮೊದಲು ಸೈನ್ಯದಲ್ಲಿ ಹವಾಲ್ದಾರರಾಗಿದ್ದರು, ಮತ್ತು ನನ್ನ ಪ್ರಕಾರ ಸಾಯುವವರೆಗೂ ಹಾಗೇ ಇದ್ದರು. ತೋಟದವರು ನಮಗೆ ಕೊಟ್ಟ ಮನೆಯಲ್ಲಿ ಎರಡು ಕೋಣೆ, ಹೊಗೆ ಹಿಡಿದ ಒಂದು ಅಡಿಗೆಮನೆ, ಮುಂದೆ ಕಾಫಿ ಒಣಗಿಸುವ ಕಣ. ಇಷ್ಟಕ್ಕೂ ಸುತ್ತ ಮುಳ್ಳುತಂತಿ, ಒಂದು ಕಬ್ಬಿಣದ ಗೇಟು. ತಂತಿ ಹಾಕಿಸಿದ್ದು ಯಾರೂ ಕಾಫಿ ಕದಿಯದ ಹಾಗೆ. ಗೇಟಿನ ಬೀಗ ಮಾತ್ರ ಅಪ್ಪ ಮಡಿಕೇರಿಯಿಂದ ತಂದದ್ದು, ಕೀಲಿಕೈ ಅವರ ಖಾಕಿ ಚಡ್ಡಿಯ ಜೇಬಿನಲ್ಲೇ ಇರುತ್ತಿತ್ತು. ಅವ್ವನಿಗೂ ಕೊಡುತ್ತಿರಲಿಲ್ಲ. ಅಂಗಡಿ, ನೀರು, ಸೌದೆ, ಏನೇ ಬೇಕಾದರೂ ಅಪ್ಪ ಬರುವವರೆಗೆ ಕಾಯಬೇಕಿತ್ತು. ಕಾಫಿ ಬೀಜಕ್ಕೂ ನನಗೂ ಒಂದೇ ಬೇಲಿ. ಕಾಫಿಯಾದರೂ ವರ್ಷಕ್ಕೊಮ್ಮೆ ಲಾರಿ ಹತ್ತಿ ಹೊರಗೆ ಹೋಗುತ್ತಿತ್ತು.

ತೋಟದ ಪಕ್ಕದ ಶಾಲೆಯಲ್ಲಿ ನಾನು ಏಳನೇ ಕ್ಲಾಸು ಪಾಸಾದೆ. ಬಿಡುವುದೂ ಅಪ್ಪನೇ, ಕರೆತರುವುದೂ ಅಪ್ಪನೇ. ಮುಂದೆ ಓದಬೇಕೆಂದರೆ ಪೇಟೆಯ ಹೈಸ್ಕೂಲಿಗೆ ಹೋಗಬೇಕಿತ್ತು. ನನಗೆ ಓದುವ ಹುಚ್ಚು ಸುಮ್ಮನೆ ಹಿಡಿದದ್ದಲ್ಲ, ಲೆಕ್ಕದಲ್ಲಿ ನಾನು ಇಡೀ ಶಾಲೆಗೆ ಮೊದಲು. ಮೇಷ್ಟ್ರು ಮನೆಗೆ ಬಂದು ‘ಈ ಹುಡುಗಿಯನ್ನು ನಿಲ್ಲಿಸಬೇಡಿ’ ಎಂದು ಅಪ್ಪನಿಗೆ ಹೇಳಿ ಹೋಗಿದ್ದರು. ಅವತ್ತು ಊಟಕ್ಕೆ ಕೂತಾಗ ಧೈರ್ಯ ಮಾಡಿ ಕೇಳಿದೆ.

“ಅಪ್ಪಾ, ಹೈಸ್ಕೂಲಿಗೆ ಹೆಸರು ಬರೆಸೋದು ಯಾವಾಗ?”

“ಮೂರು ಮೈಲಿ ಉಂಟು, ಜಾನು. ಎರಡೂ ಕಡೆ ಕಾಡು.”

“ಆಳುಗಳ ಲೈನುಮನೆ ಮಕ್ಕಳು ಹೋಗ್ತಾರಲ್ಲ. ಆಚೆ ತೋಟದ ಲಲಿತನೂ ಹೋಗ್ತಾಳೆ.”

“ಅವರ ಅಪ್ಪಂದಿರು ಲೋಕ ಕಂಡವರಲ್ಲ.”

ನಾನು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ಅಪ್ಪ ಕೈ ತೊಳೆದು ಬಂದು, ಗೋಡೆಗೆ ಒರಗಿ ಕೂತರು. ಆಮೇಲೆ ಷರತ್ತು ಹೇಳಿದರು.

“ಕಲಿಸ್ತೇನೆ. ನಂಗೆ ಗೊತ್ತಿದ್ದದ್ದೆಲ್ಲ ಕಲಿಸ್ತೇನೆ. ಈ ಕಣದಲ್ಲಿ ನನ್ನನ್ನು ಬೀಳಿಸು. ಬೀಳಿಸಿದ ದಿನ ಗೇಟು ತೆಗೀತೇನೆ. ಆಮೇಲೆ ಒಬ್ಬಳೇ ಹೋಗು, ಒಬ್ಬಳೇ ಬಾ, ನಾ ಕೇಳುದಿಲ್ಲೆ.”

ಮಾತು ಕೊಟ್ಟರೆ ಅಪ್ಪ ತಪ್ಪುವವರಲ್ಲ. ಆದ್ದರಿಂದ ನನಗೆ ಅವತ್ತು ಸ್ವರ್ಗಕ್ಕೆ ಮೂರೇ ಗೇಣು. ನನಗೆ ಹನ್ನೆರಡು ವರ್ಷ, ಅಪ್ಪನ ಸೊಂಟಕ್ಕಿಂತ ಸ್ವಲ್ಪ ಎತ್ತರ, ಅಷ್ಟೇ. ಅಂಥವಳು ಅಂಥ ಆಳನ್ನು ಬೀಳಿಸುವುದು ಎಂದರೇನು ಎಂದು ಯೋಚಿಸುವ ಬುದ್ಧಿ ಇರಲಿಲ್ಲ. ಅಡಿಗೆಮನೆಯಲ್ಲಿ ಅವ್ವ ಮಾತ್ರ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಅಪ್ಪ ಯಾಕೆ ಹೀಗೆ ಎಂದು ಆಮೇಲೆ ಅವಳನ್ನು ಪೀಡಿಸಿದೆ. ದೇಶ ಎರಡಾದ ಕಾಲದಲ್ಲಿ ಅಪ್ಪನ ಪಲ್ಟನ್ನು ಪಂಜಾಬಿನಲ್ಲಿತ್ತು, ಅಷ್ಟು ನನಗೆ ಗೊತ್ತಿತ್ತು.

“ಅಲ್ಲಿ ರೈಲಿನಲ್ಲಿ ಹೆಂಗಸರಿಗೆ ಆದದ್ದನ್ನ ನಂಗೆ ಒಂದು ಸಲ ಹೇಳಿದ್ದಾರೆ. ಎರಡನೇ ಸಲ ಕೇಳ್ಬೇಡ ಅಂದ್ರು. ನೀನೂ ಕೇಳ್ಬೇಡ” ಎಂದಳು ಅವ್ವ.

ಹೀಗೆ ನನ್ನ ಬೆಳಗುಗಳು ಶುರುವಾದವು. ಅಪ್ಪ ಹಾಜರಿಗೆ ಹೊರಡುವ ಮುಂಚೆ ಒಂದು ಗಂಟೆ. ಗೋಣಿಚೀಲದಲ್ಲಿ ಕಾಫಿ ಸಿಪ್ಪೆ ತುಂಬಿ ಹಲಸಿನ ಕೊಂಬೆಗೆ ನೇತುಹಾಕಿದ್ದರು. ‘ಹೋಶಿಯಾರ್!’ ಎಂದರೆ ನಾನು ನೆಟ್ಟಗೆ ನಿಲ್ಲಬೇಕು, ಎಡಗೈ ಮುಂದೆ, ಬಲಗೈ ಗಲ್ಲದ ಹತ್ತಿರ. ಅಪ್ಪ ಪಲ್ಟನ್ನಿನ ಬಾಕ್ಸಿಂಗಿನಲ್ಲಿ ಕಪ್ ಗೆದ್ದವರು. ಮನೆಯಲ್ಲಿ ಅರೆಭಾಷೆ ಮಾತಾಡುವ ಮನುಷ್ಯ ಕಣಕ್ಕೆ ಇಳಿದರೆ ಹಿಂದೂಸ್ತಾನಿ ಬಿಟ್ಟು ಬೇರೇನೂ ಬಾರದವರ ಹಾಗೆ ಕೂಗುತ್ತಿದ್ದರು. ಗೋಣಿ ಉಜ್ಜಿ ನನ್ನ ಗೆಣ್ಣುಗಳ ಚರ್ಮ ಎದ್ದು, ಬಾಡಿ, ಗಟ್ಟಿಯಾಯಿತು. ವಾರಕ್ಕೊಮ್ಮೆ, ಶನಿವಾರ, ಪರೀಕ್ಷೆ. ಅಪ್ಪ ನನ್ನೆದುರು ನಿಲ್ಲುತ್ತಿದ್ದರು. ಅವರು ಮುಷ್ಟಿ ಕಟ್ಟುತ್ತಿರಲಿಲ್ಲ, ಅಂಗೈಯಲ್ಲೇ ತಳ್ಳುತ್ತಿದ್ದರು. ಆ ಅಂಗೈಗೇ ನಾನು ಕಣದ ಆ ಮೂಲೆಗೆ ಹೋಗಿ ಬೀಳುತ್ತಿದ್ದೆ. “ಇವತ್ತಾಗಲಿಲ್ಲೆ” ಎಂದು ಹೇಳಿ, ಟೊಪ್ಪಿ ಹಾಕಿಕೊಂಡು, ಗೇಟಿಗೆ ಬೀಗ ಜಡಿದು ಹೊರಡುತ್ತಿದ್ದರು.

ಆ ವರ್ಷದ ಕೊನೆಗೆ ಕರಿಕೆಯಿಂದ ಸೋಮಮಾವ ಬಂದ. ಅವ್ವನ ತಮ್ಮ, ಮದುವೆಯಿಲ್ಲದವ, ಯಾವ ಕೆಲಸಕ್ಕೂ ನಿಲ್ಲದವ. ನಾಲ್ಕು ದಿನಕ್ಕೆಂದು ಬಂದವ ಎರಡು ವರ್ಷ ಉಳಿದ. ಕರಿಕೆಯೆಂದರೆ ಗುಡ್ಡ ಇಳಿದರೆ ಮಲೆಯಾಳ. ಹುಡುಗನಾಗಿದ್ದಾಗ ಮನೆಯಲ್ಲಿ ಹೇಳದೆ ಆಚೆ ಹೋಗಿ ಒಬ್ಬ ಗುರುಕ್ಕಳ ಹತ್ತಿರ ಕಳರಿ ಎಂಬ ಅಲ್ಲಿನ ಕಾದಾಟದ ವಿದ್ಯೆ ಕಲಿತಿದ್ದ. ನನ್ನ ಬಾಕ್ಸಿಂಗು ನೋಡಿ ಹೊಟ್ಟೆ ಹಿಡಿದು ನಕ್ಕ. “ಭಾವ, ಇವಳಿಗೆ ನಿಮ್ಮ ತೋಳಿಲ್ಲ. ತೋಳು ಇಲ್ಲದವರು ಕಾಲಲ್ಲಿ ಕಲೀಬೇಕು” ಎಂದ. ಅಪ್ಪ ಮೊದಲು ಸಿಟ್ಟಾದರೂ ಆಮೇಲೆ ಒಪ್ಪಿದರು. ಮಾವ ನನ್ನ ಮೈಗೆ ಎಣ್ಣೆ ಹಚ್ಚಿಸಿ, ಆನೆ ನಿಲುವು, ಕುದುರೆ ನಿಲುವು ಎಂದು ಬಗ್ಗಿಸಿ, ಎಬ್ಬಿಸಿ, ಮೂಳೆಗಳಿಗೆ ಬೇರೆಯದೇ ಪಾಠ ಹೇಳಿಕೊಟ್ಟ. ಅವನದೊಂದು ಕಟ್ಟುನಿಟ್ಟು ಇತ್ತು. ಕಾದಾಟಕ್ಕೆ ಇಳಿಯುವ ಮುಂಚೆ ಬಗ್ಗಿ ಬಲಗೈಯಲ್ಲಿ ನೆಲ ಮುಟ್ಟಬೇಕು, ಹಣೆಗೆ ಒತ್ತಿಕೊಳ್ಳಬೇಕು, ಆಮೇಲೆ ಏಳಬೇಕು. ಮರೆತರೆ ಆ ದಿನದ ಪಾಠ ಬಂದ್. ಭಾನುವಾರ ಲೈನಿನಿಂದ ಮುತ್ತು ಮೇಸ್ತ್ರಿ ಬರುತ್ತಿದ್ದರು. ಸೇಲಂ ಕಡೆಯಿಂದ ಬಂದ ಆಳುಗಳಿಗೆ ಅವರು ಯಜಮಾನರು, ಕೋಲು ತಿರುಗಿಸುವುದರಲ್ಲಿ ಎತ್ತಿದ ಕೈ. “ಪಾಪಾ, ಕೋಲು ನೋಡಬೇಡ, ಅವನ ಕಣ್ಣು ನೋಡು” ಎನ್ನುತ್ತಿದ್ದರು. ಪಾಪ ಎಂದರೆ ಅವರ ಮಾತಿನಲ್ಲಿ ಮಗು.

ಮೂವರು ಗುರುಗಳು, ಒಬ್ಬಳು ಶಿಷ್ಯೆ. ಮೂವರಿಗೂ ತಮ್ಮದೇ ಸರಿ. ಹಬ್ಬದ ಒಂದು ಮಧ್ಯಾಹ್ನ ಕಡುಬು, ಹಂದಿ ಸಾರು ಬಡಿಸಿಕೊಂಡು ಕೂತಿದ್ದಾಗ ಜಗಳ ಹತ್ತಿತು.

“ಎದುರಿಗೆ ವೈರಿ ನಿಂತಿರುವಾಗ ನೆಲ ಮುಟ್ಟೋಕೆ ಬಗ್ಗುವವ ಪೆದ್ದ” ಎಂದರು ಅಪ್ಪ.

“ಭೂಮಿಗೆ ಹೇಳದೆ ಕೈ ಎತ್ತಿದವನಿಗೆ ಭೂಮಿ ಆಧಾರ ಕೊಡುದಿಲ್ಲೆ ಭಾವ.”

“ನಿನ್ನ ಭೂಮಿಗೆ ಬೇಕಾದ್ರೆ ಕಾಗದ ಬರಿ. ನನ್ನ ಮಗಳು ಬಗ್ಗಬಾರದು.”

ಮೇಸ್ತ್ರಿ ನಡುವೆ ಬಾಯಿ ಹಾಕಿ, ಕೈಯಲ್ಲಿ ಕೋಲಿದ್ದರೆ ಇಬ್ಬರ ಮಾತೂ ಬೇಡ ಎಂದರು. ಸಾರಿನ ಸೌಟು ಹಿಡಿದು ನಿಂತಿದ್ದ ಅವ್ವ ಮೂವರನ್ನೂ ಒಮ್ಮೆ ನೋಡಿದಳು.

“ಮೂರು ಜನ ಗಂಡಸರು ಸೇರಿ ಒಂದು ಹುಡುಗಿಗೆ ಹೊಡೆಯೋಕೆ ಕಲಿಸ್ತೀರಿ. ಅಷ್ಟೇ ಹೊತ್ತು ಆ ದಾರೀಲಿ ಓಡಾಡುವ ಗಂಡಸರಿಗೆ ಸುಮ್ಮನಿರೋಕೆ ಕಲಿಸಿದ್ರೆ ನನ್ನ ಎಣ್ಣೆಯಾದ್ರೂ ಉಳೀತಿತ್ತು.”

ಮೇಸ್ತ್ರಿ ನಕ್ಕರು, ಅಪ್ಪ ನಗಲಿಲ್ಲ. ಅಷ್ಟು ಹೊತ್ತಿಗೆ ಹೈಸ್ಕೂಲಿನ ಒಂದು ವರ್ಷ ನನ್ನ ಕಣ್ಣೆದುರೇ ಹೋಗಿತ್ತು. ಬೆಳಿಗ್ಗೆ ಲಲಿತ, ಲೈನಿನ ಹುಡುಗರು ಪುಸ್ತಕ ಹಿಡಿದು ಗೇಟಿನ ಮುಂದೆ ಹಾದುಹೋಗುವಾಗ ನಾನು ಚಡ್ಡಿ ಹಾಕಿಕೊಂಡು ಗೋಣಿಗೆ ಗುದ್ದುತ್ತಿರುತ್ತಿದ್ದೆ. “ಏ ಪೈಲ್ವಾನ್!” ಎಂದು ಅವರು ಕೂಗುತ್ತಿದ್ದರು. ಬೀಜಗಣಿತ ಎಂಬುದೊಂದು ಇದೆಯಂತೆ, ಅದರಲ್ಲಿ ಅಂಕಿಯ ಬದಲು ಅಕ್ಷರ ಬರೆಯುತ್ತಾರಂತೆ ಎಂದು ಲಲಿತ ತಂತಿಯ ಆಚೆಯಿಂದ ಹೇಳಿದ್ದಳು. ಅದನ್ನು ಕೇಳಿ ನನಗೆ ಎದೆ ಉರಿದುಹೋಯಿತು. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಏನು ಬರುತ್ತದೆ ಎಂದು ಎಷ್ಟೋ ದಿನ ಯೋಚಿಸಿದೆ. ಕೇಳಲು ಯಾರೂ ಇರಲಿಲ್ಲ. ಅಪ್ಪನ ಷರತ್ತೂ ನನ್ನ ಜೊತೆಗೇ ಬೆಳೆಯುತ್ತಿತ್ತು. ಮುಷ್ಟಿಯಲ್ಲಿ ನಾನು ಸ್ವಲ್ಪ ತಡೆದುಕೊಂಡು ನಿಲ್ಲುವಂತಾದಾಗ, “ಹಿಂದಿನಿಂದ ಬಂದರೆ?” ಎಂದರು. ಅದನ್ನು ಕಲಿತಾಗ, “ಇಬ್ಬರು ಬಂದರೆ?” ಎಂದು ಮಾವನನ್ನೂ ಜೊತೆಗೆ ನಿಲ್ಲಿಸಿಕೊಂಡರು. ಹಣ್ಣು ಕೀಳುವ ಪಿಕ್ಕಿಂಗ್ ಶುರುವಾಗಿ ಕಣದ ತುಂಬ ಕಾಫಿ ಹರಡಿದಾಗ ಅಭ್ಯಾಸ ನಡುಮನೆಗೆ ಬಂತು. ಹತ್ತು ಅಡಿ ಕೋಣೆ, ಮೂಲೆಯಲ್ಲಿ ಅಕ್ಕಿ ಮೂಟೆ, ಗೋಡೆಗೆ ದೇವರ ಪಟ. ಕೈ ಬೀಸಲು ಜಾಗವಿಲ್ಲ, ಆದ್ದರಿಂದ ಮೊಣಕೈ ಉಪಯೋಗಿಸುವುದು ಕಲಿತೆ. ಅವ್ವನ ಎರಡು ಮಡಕೆ, ಒಂದು ಚಿಮಣಿ ಗಾಜು ಹೋದವು.

ಎರಡನೇ ವರ್ಷದ ಪಿಕ್ಕಿಂಗಿನಲ್ಲಿ ಒಂದು ದಿನ ಅವ್ವನಿಗೆ ವಿಪರೀತ ಜ್ವರ ಬಂತು. ಅಪ್ಪ ತೋಟದ ಆ ತುದಿಯಲ್ಲಿ ಹಣ್ಣಿನ ತೂಕಕ್ಕೆ ನಿಂತಿದ್ದರು, ಮಾವ ಪೇಟೆಗೆ ಹೋಗಿದ್ದ. ಕಣದ ಕಾಫಿ ಮೂಟೆ ತುಂಬಲು ಲಾರಿ ಬಂದಿದ್ದರಿಂದ ಅಪ್ಪ ಗೇಟಿನ ಬೀಗ ತೆಗೆದಿಟ್ಟು ಹೋಗಿದ್ದರು. ಅವ್ವ ಕಣ್ಣು ಮೇಲೆ ಮಾಡತೊಡಗಿದಾಗ ನಾನು ಹೆದರಿ, ಲೈನಿನಿಂದ ಮೇಸ್ತ್ರಿಯ ಹೆಂಡತಿಯನ್ನು ಕರೆದು ತರೋಣ ಎಂದು ಓಡಿದೆ. ಒಂದು ಫರ್ಲಾಂಗು ದಾರಿ, ಎರಡು ಕಡೆ ಕಾಫಿ ಗಿಡ. ತಿರುವಿನಲ್ಲಿ ಆ ಲಾರಿಯ ಕ್ಲೀನರ್ ಬೀಡಿ ಸೇದುತ್ತ ಕೂತಿದ್ದ. ಇಪ್ಪತ್ತೈದರ ಆಸುಪಾಸಿನ ಆಳು. ಎದ್ದು ದಾರಿಗೆ ಅಡ್ಡ ನಿಂತ.

“ರೈಟರ್ ಮಗಳಲ್ವಾ? ಬೋನಿಂದ ಹೊರಗೆ ಬಂತಲ್ಲ ಗಿಳಿ!”

“ದಾರಿ ಬಿಡಿ, ಅವ್ವಂಗೆ ಜ್ವರ.”

ಬಿಡಲಿಲ್ಲ. ಎಡಗೈ ಹಿಡಿದುಕೊಂಡ. ಇನ್ನೊಂದು ಕೈ ನನ್ನ ಭುಜದ ಕಡೆ ಬಂತು. ಈ ಕ್ಷಣಕ್ಕೆಂದೇ ನಾನು ಒಂದೂವರೆ ವರ್ಷ ಎಣ್ಣೆ, ಗೋಣಿ, ಕೋಲು ಎಂದು ಮೈ ನೋಯಿಸಿಕೊಂಡದ್ದು. ಆದರೆ ಸತ್ಯ ಹೇಳಬೇಕಲ್ಲ, ನನ್ನ ತಲೆಯಲ್ಲಿ ಒಂದೂ ಉಳಿಯಲಿಲ್ಲ. ಬಾಕ್ಸಿಂಗೋ, ಕಾಲೋ, ಕೋಲೋ, ಯಾವುದು ಮೊದಲು ಎಂದೇ ತಿಳಿಯದೆ ನಿಂತೆ. ಆಮೇಲೆ ಮೈ ತಾನಾಗಿ ಒಂದು ಕೆಲಸ ಮಾಡಿತು. ಬಗ್ಗಿ ಬಲಗೈಯಲ್ಲಿ ನೆಲ ಮುಟ್ಟಿತು! ನೋಡಿ, ಕೈ ಹಿಡಿದ ಗಂಡಸಿನೆದುರು ನಾನು ಮಾವನ ಶಾಸ್ತ್ರ ಮಾಡುತ್ತಿದ್ದೇನೆ. ಅವನಿಗೆ ಕಂಡದ್ದು ಬೇರೆ.

“ಅಯ್ಯಯ್ಯೋ, ಕಾಲಿಗೆ ಬೀಳ್ತಾಳೆ!”

ಅವನು ತಲೆ ಹಿಂದೆ ಹಾಕಿ ನಕ್ಕ. ನಗುವಾಗ ಹಿಡಿತ ಸಡಿಲವಾಯಿತು. ನೆಲ ಮುಟ್ಟಿದ ಕೈ ಹಣೆಗೆ ಬಂದು, ಹಣೆಯಿಂದ ಏಳುವ ಹೊತ್ತಿಗೆ ಮೈಗೆ ಮುಂದಿನ ಪಾಠ ನೆನಪಾಗಿತ್ತು. ನಡುಮನೆಯಲ್ಲಿ ಕಲಿತ ಮೊಣಕೈ ಅವನ ಮೂಗಿಗೆ ಸರಿಯಾಗಿ ಹೋಗಿ ಕೂತಿತು. ಅವನು ಕಾಫಿ ಗಿಡದೊಳಗೆ ಕೂತುಬಿಟ್ಟ. ನಾನು ಓಡಿದೆ. ಲೈನು ತಲುಪಿ ಮೇಸ್ತ್ರಿಯ ಹೆಂಡತಿಗೆ ಮೊದಲು ಅವ್ವನ ಜ್ವರದ ಸುದ್ದಿ ಹೇಳಿದೆ, ಆಮೇಲೆ ಆ ಕ್ಲೀನರಿನ ಸುದ್ದಿ.

ಸಂಜೆ ಹೊತ್ತಿಗೆ ಅವ್ವನ ಜ್ವರ ಇಳಿದಿತ್ತು, ಮೇಸ್ತ್ರಿ ಆ ಕ್ಲೀನರನ್ನು ತೋಟದಿಂದ ಓಡಿಸಿದ್ದರು, ಮಾವ ‘ಭೂಮಿ ಕಾಯ್ತು ನೋಡಿ ಭಾವ’ ಎಂದು ಹತ್ತು ಸಲ ಹೇಳಿದ್ದ. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ನನ್ನ ಎರಡರಷ್ಟು ದೊಡ್ಡ ಆಳನ್ನು ಬೀಳಿಸಿದ್ದೇನೆ, ಇನ್ನು ಗೇಟು ತೆಗೆಯದೆ ಹೇಗಿರುತ್ತಾರೆ? ಅಪ್ಪ ಎಲ್ಲವನ್ನೂ ನಿಂತುಕೊಂಡೇ ಕೇಳಿದರು.

“ಎಷ್ಟು ದೂರ ಹೋಗಿದ್ದೆ?”

“ಒಂದು ಫರ್ಲಾಂಗು.”

“ಒಂದು ಫರ್ಲಾಂಗಿಗೆ ಒಬ್ಬ ಸಿಕ್ಕಿದ. ಮೂರು ಮೈಲಿಗೆ ಎಷ್ಟು ಫರ್ಲಾಂಗು? ನೀ ಲೆಕ್ಕದಲ್ಲಿ ಮೊದಲಲ್ವಾ, ಹೇಳು.”

“ಇಪ್ಪತ್ನಾಲ್ಕು” ಎಂದೆ. ಲೆಕ್ಕ ಕೇಳಿದರೆ ನನಗೆ ಉತ್ತರ ಹೇಳದೆ ಇರಲು ಬರುತ್ತಿರಲಿಲ್ಲ.

ಮರುದಿನ ಗೇಟಿಗೆ ಇನ್ನೊಂದು ಬೀಗ ಬಂತು. ಲಾರಿ ಬಂದರೆ ನಾನು ಒಳಕೋಣೆಗೆ ಹೋಗಬೇಕು, ಲಾರಿ ಹೋದ ಮೇಲೆ ಹೊರಗೆ ಬರಬೇಕು ಎಂದು ಅಪ್ಪನ ಆಜ್ಞೆಯಾಯಿತು. ಶನಿವಾರದ ಪರೀಕ್ಷೆಯೂ ನಿಂತಿತು. ಕೇಳಿದರೆ “ಪಿಕ್ಕಿಂಗ್ ಮುಗೀಲಿ”, ಪಿಕ್ಕಿಂಗ್ ಮುಗಿದರೆ “ಕಾಫಿಗೆ ಹೂವಿನ ಮಳೆ ಬರಲಿ”. ಸೋತಿದ್ದರೆ ಸರಿ, ಗೆದ್ದ ತಪ್ಪಿಗೆ ಜೈಲು ಯಾವ ನ್ಯಾಯ? ಒಳಕೋಣೆಯ ಕಿಟಕಿಯಿಂದ ಕಾಣುತ್ತಿದ್ದದ್ದು ತಂತಿಯ ಎಂಟು ಕಂಬ. ನಾನು ಅವುಗಳನ್ನು ಎಣಿಸಿ, ಗುಣಿಸಿ, ಭಾಗಿಸಿ, ಇನ್ನೇನೂ ಮಾಡಲು ಉಳಿಯದೆ ಹಾಸಿಗೆಯ ಮೇಲೆ ಬಿದ್ದುಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನನಗೆ ಅಪ್ಪನ ಮೇಲೆ ದ್ವೇಷ ಹುಟ್ಟಿತು. ಈಗ ಬರೆಯುವಾಗಲೂ ಅದನ್ನು ಮೆತ್ತಗೆ ಮಾಡಿ ಹೇಳಲಾರೆ. ಅವರು ಊಟಕ್ಕೆ ಕೂತರೆ ನಾನು ಎದ್ದು ಹೋಗುತ್ತಿದ್ದೆ.

ಶಾಲೆ ತೆರೆಯುವ ದಿನ ಮತ್ತೆ ಹತ್ತಿರ ಬಂತು. ಈ ಸಲ ತಪ್ಪಿದರೆ ಮದುವೆಯ ಮಾತು ಶುರುವಾಗುತ್ತದೆ ಎಂದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ರೊಟ್ಟಿ ತಿಂದು ಏಳುವಾಗ ಕಣಕ್ಕೆ ಹೋಗಿ ನಿಂತೆ.

“ನೀವು ಮಾತು ಕೊಟ್ಟಿದ್ದೀರಿ. ಬನ್ನಿ.”

“ಹಾಜರಿಗೆ ಹೊತ್ತಾಯ್ತು.”

“ಹವಾಲ್ದಾರ್ ಮಾತು ಅಂದ್ರೆ ಇಷ್ಟೇನಾ?”

ಅಡಿಗೆಮನೆಯಲ್ಲಿ ಸದ್ದು ನಿಂತಿತು. ಅಪ್ಪ ಟೊಪ್ಪಿ ತೆಗೆದು ಜಗಲಿಯ ಮೇಲಿಟ್ಟು ಬಂದರು. ನಾನು ನೆಲ ಮುಟ್ಟಿದೆ, ಹಣೆಗೆ ಒತ್ತಿಕೊಂಡೆ, ಎದ್ದೆ. ಅವತ್ತು ನನಗೆ ಮೂರೂ ವಿದ್ಯೆ ಒಟ್ಟಿಗೆ ಬಂದವು. ಮೇಸ್ತ್ರಿ ಹೇಳಿದ ಹಾಗೆ ಅಪ್ಪನ ಕಣ್ಣನ್ನೇ ನೋಡುತ್ತಿದ್ದೆ. ಅವರ ಅಂಗೈ ಬರುವ ಮೊದಲೇ ಗೊತ್ತಾಗುತ್ತಿತ್ತು. ಎರಡು ಸಲ ತಪ್ಪಿಸಿಕೊಂಡೆ, ಅವರ ಪಕ್ಕೆಗೆ ಅವರೇ ಕಲಿಸಿದ ಎಡಗೈ ಹೊಡೆತ ಕೊಟ್ಟೆ, ಅವರು ಮುಂದೆ ಬಾಗಿದಾಗ ಕೆಳಗೆ ಕೂತು ಕಾಲು ಬೀಸಿದೆ. ಅಪ್ಪನ ಮಂಡಿ ನೆಲಕ್ಕೆ ಬಿತ್ತು. ಜಗಲಿಯಿಂದ ಮಾವ “ಬಿದ್ದರು! ಭಾವ ಬಿದ್ದರು!” ಎಂದು ಕಿರುಚಿದ. ಆ ಸಂತೋಷಕ್ಕೆ ನಾನು ಅವನ ಕಡೆ ತಿರುಗಿದೆ.

ಹೊಡೆತ ಬಂದದ್ದು ಕಾಣಲಿಲ್ಲ. ಕಣ್ಣು ತೆರೆದಾಗ ನೆಲದ ಮೇಲಿದ್ದೆ, ಬಾಯಿಯಲ್ಲಿ ಉಪ್ಪು, ರವಕೆಯ ತುಂಬ ರಕ್ತ. ಅಪ್ಪ ನನ್ನ ಮೇಲೆ ಬಗ್ಗಿ ನಿಂತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ಕೈ ಮುಷ್ಟಿ ಕಟ್ಟಿತ್ತು. ಅವರೂ ಆ ಮುಷ್ಟಿಯನ್ನೇ ನೋಡುತ್ತಿದ್ದರು. ಬಿಚ್ಚಲು ಮರೆತಿದ್ದರು. ಅವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದು ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಅವಳು ಕೂಗಾಡುತ್ತಾಳೆ ಎಂದುಕೊಂಡೆ. ಅಳದೆ, ಕೂಗದೆ, ಅಪ್ಪನನ್ನು ತಲೆಯೆತ್ತಿ ನೋಡಿದಳು.

“ಹೊರಗಿನವ ಒಬ್ಬ ಇವಳ ಕೈ ಹಿಡಿದ. ಅವನಿಗೆ ಇವಳೇ ಬುದ್ಧಿ ಕಲಿಸಿ ಬಂದಳು, ಮೈಮೇಲೆ ಒಂದು ಗೀರೂ ಇಲ್ದೆ. ಇವತ್ತಿನವರೆಗೆ ನನ್ನ ಮಗಳ ರಕ್ತ ತೆಗೆದ ಗಂಡಸು ನೀವೊಬ್ಬರೇ. ಯಾರಿಂದ ಕಾಯ್ತಾ ಇದ್ದೀರಿ ಇವಳನ್ನ?”

ಅಪ್ಪ ಅಲ್ಲೇ ಕಣದ ಮೇಲೆ ಕುಕ್ಕರಗಾಲಲ್ಲಿ ಕೂತರು. ಹಾಜರಿಯ ಗಂಟೆ ಹೊಡೆಯಿತು, ಏಳಲಿಲ್ಲ. ಮಾವ ಹೋಗಿ ಅವರ ಬದಲು ಹಾಜರಿ ಕೂಗಿದನಂತೆ. ಮಧ್ಯಾಹ್ನ ಅಪ್ಪ ಬಿಸಿನೀರು, ಹತ್ತಿ ತಂದು ನನ್ನ ಮೂಗನ್ನು ತಾವೇ ಒರೆಸಿದರು. ಮೂಳೆ ಮುರಿದಿದೆಯೇ ಎಂದು ಹೆಬ್ಬೆರಳಿನಲ್ಲಿ ಮೆಲ್ಲಗೆ ಮುಟ್ಟಿ ನೋಡಿದರು. ನನಗೆ ಅದನ್ನು ನೋಡುವುದು ಹೊಡೆತಕ್ಕಿಂತ ಕಷ್ಟವಾಗಿ ಗೋಡೆಯ ಕಡೆ ತಿರುಗಿದೆ. ಮಂಡಿ ಊರಿದರೆ ಬಿದ್ದಂತೆಯೋ ಅಲ್ಲವೋ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಸಂಜೆ ಎರಡು ಬೀಗದ ಕೀಲಿಕೈಗಳನ್ನೂ ಅವ್ವನ ಮುಂದೆ ಇಟ್ಟು ಸ್ನಾನಕ್ಕೆ ಹೋದರು.

ಎರಡು ದಿನ ಬಿಟ್ಟು ನಾವಿಬ್ಬರೂ ಪೇಟೆಗೆ ನಡೆದೆವು. ಮೂಗು ಇನ್ನೂ ಬದನೆಕಾಯಿ ಬಣ್ಣಕ್ಕಿತ್ತು. ಯಾರಾದರೂ ಕೇಳಿದರೆ ‘ಕಣದಲ್ಲಿ ಜಾರಿ ಬಿದ್ದೆ’ ಎಂದು ಹೇಳುವುದಾಗಿ ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಹೆಡ್‌ಮಾಸ್ಟರು ವಯಸ್ಸಾದವರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೆಸರು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು.

“ಹುಡುಗಿ ಮೂಗಿಗೆ ಏನಾಯ್ತು?”

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತರು.

“ನಾನು ಹೊಡೆದದ್ದು ಸಾರ್.”

“ಯಾಕೆ?”

ಅಪ್ಪ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹೊರಗಿನವರು ಯಾರೂ ಹೊಡೀಬಾರದು ಅಂತ ಸಾರ್.”

ಹೆಡ್‌ಮಾಸ್ಟರು ನಗಲಿಲ್ಲ, ಬಯ್ಯಲೂ ಇಲ್ಲ. ಹೆಸರು ಬರೆದು ಮುಗಿಸಿ, “ಕ್ಲಾಸು ಶುರುವಾಗಿದೆ. ಇನ್ನು ನೀವು ಹೊರಡಿ” ಎಂದಷ್ಟೇ ಹೇಳಿದರು. ನನ್ನನ್ನು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಅಲ್ಲಿಂದ ರಸ್ತೆ ಕಾಣುತ್ತಿತ್ತು. ಅಪ್ಪ ಹೋಗುತ್ತಿದ್ದರು. ಶಾಲೆಯ ಗೇಟಿನ ಹತ್ತಿರ ಒಮ್ಮೆ ನಿಂತರು, ಈಗ ತಿರುಗುತ್ತಾರೆ ಎಂದುಕೊಂಡೆ. ತಿರುಗಲಿಲ್ಲ, ಟೊಪ್ಪಿ ಸರಿಮಾಡಿಕೊಂಡು ಮುಂದೆ ನಡೆದರು. ಆ ಮನುಷ್ಯನಿಗೆ ಹಿಂತಿರುಗಿ ನೋಡದೆ ಇರುವುದು ಎಷ್ಟು ಕಷ್ಟ ಎಂಬುದು ಇಡೀ ಪೇಟೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬೋರ್ಡಿನ ಮೇಲೆ ಮೇಷ್ಟ್ರು ಅಂಕಿಯ ಬದಲು ಅಕ್ಷರ ಬರೆಯುತ್ತಿದ್ದರು. ನನಗೆ ಅದೂ ಕಾಣದಷ್ಟು ಕಣ್ಣು ತುಂಬಿ ಬಂತು. ಪಕ್ಕದ ಹುಡುಗಿ ನನ್ನ ಕಡೆ ವಾಲಿ, “ಮೂಗು ತುಂಬ ನೋಯ್ತದಾ?” ಎಂದು ಕೇಳಿದಳು. ಹೌದು ಎಂದೆ.